ಅಪ್‌ಡೇಟ್ ಎಲ್ಲಿ ನಿಂತಿತು?

ಮುಂಬಯಿ ಕನ್ನಡಿಗರ ಒಂದು ಚಿಕ್ಕ ಕೂಟದಲ್ಲಿ, ಮಾಟುಂಗದಲ್ಲಿ, ಸರ್ವರ್ ಅಪ್‌ಡೇಟ್ ಕೈಕೊಟ್ಟಾಗ ಏನು ನೋಡಬೇಕು ಎಂಬ ಬಗ್ಗೆ ಭಾನುವಾರ ಮಧ್ಯಾಹ್ನ ಆಡಿದ ಮಾತುಗಳ ಬರಹ ರೂಪ ಇದು. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಆಡಿದ ಹಾಗೆಯೇ ಇದೆ.

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲೆ ಸರ್ವರ್ ಬಗ್ಗೆ ಮಾತಾಡಿ ಎಂದು ಕರೆದಿದ್ದೀರಿ. ನಿದ್ದೆ ಬಂದರೆ ತಪ್ಪು ನಿಮ್ಮದಲ್ಲ. ನವಿ ಮುಂಬಯಿಯ ಐರೋಲಿ, ಮಹಾಪೆ ಕಡೆ ನೈಟ್ ಶಿಫ್ಟ್ ಮಾಡಿ ನೇರ ಇಲ್ಲಿಗೆ ಬಂದವರಿದ್ದೀರಿ. ಹೋಟೆಲ್ ಬಿಲ್ಲಿಂಗ್ ಸಿಸ್ಟಂ ನೋಡಿಕೊಳ್ಳುವವರಿದ್ದೀರಿ. ಕ್ರೆಡಿಟ್ ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಾ ಬರೆಯುತ್ತಾ ಸರ್ವರ್‌ಗೂ ನೀವೇ ದಿಕ್ಕು ಎನ್ನುವ ಹಾಗಾದವರೂ ಇದ್ದೀರಿ. ಎಲ್ಲರಿಗೂ ಉಪಯೋಗ ಆಗುವ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ.

ಅಪ್‌ಡೇಟ್ ಕೈಕೊಟ್ಟಿತು ಎಂದು ಫೋನ್ ಮಾಡುವವರು ಸಾಮಾನ್ಯವಾಗಿ ಪರದೆಯ ಕೊನೆಯ ಸಾಲನ್ನು ಓದಿ ಹೇಳುತ್ತಾರೆ. "ಸರ್, ಎರರ್ ಕೋಡ್ ಒಂದು ಅಂತ ಬರ್ತಿದೆ." ಅದರಿಂದ ಏನೂ ಗೊತ್ತಾಗುವುದಿಲ್ಲ. ಉಬುಂಟು ಎಂಬ ಲಿನಕ್ಸ್‌ನಲ್ಲಿ ಅಪ್‌ಡೇಟ್ ಹಾಕುವ ಎಪಿಟಿ ಆಗಲಿ, ಇನ್ನೊಂದು ಲಿನಕ್ಸ್ ಆದ ರೆಡ್ ಹ್ಯಾಟ್‌ನಲ್ಲಿ ಅದೇ ಕೆಲಸ ಮಾಡುವ ಡಿಎನ್‌ಎಫ್ ಆಗಲಿ, ವಿಂಡೋಸ್ ಆಗಲಿ, ಕೊನೆಯಲ್ಲಿ ಹೇಳುವುದು ತಾನು ಸೋತೆ ಎಂದಷ್ಟೇ. ಯಾಕೆ ಸೋತಿತು ಎನ್ನುವುದು ನಲವತ್ತು ಸಾಲು ಮೇಲೆ ಎಲ್ಲೋ ಕೂತಿರುತ್ತದೆ. ಹಾಗಾಗಿ ನಾನು ಕೋಡ್ ಕೇಳುವುದಿಲ್ಲ. ಅಪ್‌ಡೇಟ್ ಎಲ್ಲಿ ನಿಂತಿತು ಎಂದು ಕೇಳುತ್ತೇನೆ.

ಯಾವ ಆಪರೇಟಿಂಗ್ ಸಿಸ್ಟಂ ಆದರೂ ಅಪ್‌ಡೇಟ್ ಐದು ಘಟ್ಟ ದಾಟಬೇಕು. ಹೊಸ ಫೈಲುಗಳನ್ನು ತರಬೇಕು. ಅವು ಅಸಲಿಯೇ ಎಂದು ಸಹಿ ನೋಡಬೇಕು. ಡಿಸ್ಕ್ ಮೇಲೆ ಬಿಚ್ಚಿಡಬೇಕು. ಇರುವ ಸೆಟ್ಟಿಂಗ್ ಜೊತೆ ಹೊಂದಿಸಬೇಕು. ಆಮೇಲೆ ಹಳೆಯದನ್ನು ನಿಲ್ಲಿಸಿ ಹೊಸದನ್ನು ಎಬ್ಬಿಸಬೇಕು. ಡೆಬಿಯನ್, ಸೆಂಟ್‌ಓಎಸ್, ವಿಂಡೋಸ್ ಸರ್ವರ್, ಫ್ರೀಬಿಎಸ್‌ಡಿ, ಎಲ್ಲದರಲ್ಲೂ ಇವೇ ಘಟ್ಟ. ಕಮ್ಯಾಂಡ್ ಮಾತ್ರ ಬೇರೆ. ಎಲ್ಲಿ ನಿಂತಿತು ಎಂದು ನೋಡದೆ, ನೆಟ್‌ನಲ್ಲಿ ಸಿಕ್ಕಿದ ಕಮ್ಯಾಂಡನ್ನೆಲ್ಲ ಹೊಡೆಯುತ್ತಾ ಹೋಗುವವರು ಬಹಳ ಜನ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಮೂಲ ತೊಂದರೆ ಒಂದೇ ಇದ್ದದ್ದು, ಸಂಜೆಯೊಳಗೆ ನಾಲ್ಕಾಗಿರುತ್ತದೆ.

ಮೊದಲ ಎರಡು ಘಟ್ಟ, ತರುವುದು ಮತ್ತು ಸಹಿ ನೋಡುವುದು. ಇಲ್ಲಿ ನಿಂತರೆ ಖುಷಿಪಡಿ. ಡಿಸ್ಕ್ ಮೇಲೆ ಇನ್ನೂ ಏನೂ ಬದಲಾಗಿಲ್ಲ. ಸರ್ವರ್ ಹೇಗಿತ್ತೋ ಹಾಗೇ ಇದೆ. ಗಾಬರಿಗೆ ಕಾರಣವೇ ಇಲ್ಲ.

2024ರ ಜುಲೈನಲ್ಲಿ ನನಗೆ ಬಂದ ಫೋನುಗಳಲ್ಲಿ ಜಾಸ್ತಿ ಇವೇ. ಸೆಂಟ್‌ಓಎಸ್ 7ರ ಆಯುಸ್ಸು 2024ರ ಜೂನ್ 30ಕ್ಕೆ ಮುಗಿದಿತ್ತು. ಅದಾದ ಕೂಡಲೇ ಮಿರರ್ ಪಟ್ಟಿ, ಅಂದರೆ ಪ್ಯಾಕೇಜುಗಳು (ತಂತ್ರಾಂಶದ ಕಟ್ಟುಗಳು) ಎಲ್ಲೆಲ್ಲಿ ಸಿಗುತ್ತವೆ ಎಂಬ ಪಟ್ಟಿ, ಕೊಡುವ ಅದರ ವಿಳಾಸವೇ ಇಲ್ಲವಾಯಿತು. ಸೆಂಟ್‌ಓಎಸ್‌ನಲ್ಲಿ ಅಪ್‌ಡೇಟ್ ತರುವ ಯಮ್ ಓಡಿಸಿದರೆ "ಈ ಹೋಸ್ಟ್ ಸಿಗುತ್ತಿಲ್ಲ" ಎಂಬ ಉತ್ತರ. ನೋಡಿದವರೆಲ್ಲ ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಹಾಳಾಗಿದೆ ಎಂದುಕೊಂಡರು. ಕೇಬಲ್ ಕಿತ್ತು ಹಾಕಿದರು, ಫೈರ್‌ವಾಲ್ ಬದಲಿಸಿದರು, ಇಂಟರ್ನೆಟ್ ಕೊಡುವವನಿಗೆ ಬೈದರು. ಡಿಎನ್‌ಎಸ್ ಸರಿಯಾಗಿಯೇ ಇತ್ತು. ಆ ಮನೆಯೇ ಖಾಲಿಯಾಗಿತ್ತು. ಹಳೆಯ ಪ್ಯಾಕೇಜುಗಳನ್ನು ವಾಲ್ಟ್ ಎಂಬ ಉಗ್ರಾಣಕ್ಕೆ ಸಾಗಿಸಿದ್ದರು. ಪ್ಯಾಕೇಜ್ ಎಲ್ಲಿಂದ ತರಬೇಕು ಎಂದು ಬರೆದಿರುವ ರೆಪೊ ಫೈಲಿನಲ್ಲಿ ವಿಳಾಸವನ್ನು ವಾಲ್ಟ್‌ಗೆ ತಿರುಗಿಸಿದರೆ ಯಮ್ ಮತ್ತೆ ಓಡುತ್ತದೆ. ಆದರೆ ಒಂದು ಮಾತು. ವಾಲ್ಟ್‌ನಲ್ಲಿ ಹಳೆಯ ಪ್ಯಾಕೇಜ್ ಸಿಗುತ್ತದೆ, ಹೊಸ ಸೆಕ್ಯುರಿಟಿ ಪ್ಯಾಚ್ ಸಿಗುವುದಿಲ್ಲ. "ಯಮ್ ಓಡ್ತಿದೆ, ಹಾಗಾದ್ರೆ ನಾವು ಸೇಫ್" ಎಂದುಕೊಂಡು ಮಲಗಬೇಡಿ. ಉಬುಂಟುವಿನಲ್ಲೂ ಇದೇ ಕಥೆ. ಆಯುಸ್ಸು ಮುಗಿದ ಆವೃತ್ತಿಗಳು ಹಳೆಯ ಬಿಡುಗಡೆಗಳ ಬೇರೆ ವಿಳಾಸಕ್ಕೆ ಹೋಗುತ್ತವೆ. ಇತ್ತ ಪರದೆಯ ಮೇಲೆ ಸಾಲು ಸಾಲಾಗಿ 404, ಅಂದರೆ ಫೈಲ್ ಇಲ್ಲ ಎಂಬ ಉತ್ತರ.

ಸಹಿ ನೋಡುವ ಘಟ್ಟದಲ್ಲಿ ಎರಡು ಕಳ್ಳರು. ಒಂದು ಸರ್ಟಿಫಿಕೇಟ್, ಇನ್ನೊಂದು ಗಡಿಯಾರ.

2021ರ ಸೆಪ್ಟೆಂಬರ್ 30ರಂದು ವೆಬ್‌ಸೈಟುಗಳಿಗೆ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಆಸರೆಯಾಗಿ ಇಟ್ಟುಕೊಂಡಿದ್ದ ಒಂದು ಹಳೆಯ ರೂಟ್ ಸರ್ಟಿಫಿಕೇಟ್ (ಉಳಿದ ಸರ್ಟಿಫಿಕೇಟುಗಳ ನಂಬಿಕೆಗೆ ಬುಡ) ಅವಧಿ ಮುಗಿಯಿತು. ಹೊಸ ರೂಟ್ ಬಹಳ ಯಂತ್ರಗಳಲ್ಲಿ ಆಗಲೇ ಇತ್ತು. ಆದರೂ ಸುರಕ್ಷಿತ ಸಂಪರ್ಕ ಕಟ್ಟುವ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್ 1.0.2 ಮತ್ತು ಅದಕ್ಕಿಂತ ಹಳೆಯವು ಎಡವಿದವು. ಅವು ಮುಗಿದುಹೋದ ರೂಟ್‌ನ ದಾರಿಯಲ್ಲೇ ಹೋಗಿ ಗೋಡೆಗೆ ಹಾಯುತ್ತಿದ್ದವು. ಪಕ್ಕದಲ್ಲೇ ಇದ್ದ ಒಳ್ಳೆಯ ದಾರಿ ಅವುಗಳಿಗೆ ಕಾಣುತ್ತಿರಲಿಲ್ಲ. ಮಜಾ ಏನೆಂದರೆ, ಸರಿ ಮಾಡಲು ಬೇಕಾದ ಪ್ಯಾಕೇಜನ್ನು ಅದೇ ಮುರಿದ ಎಚ್‌ಟಿಟಿಪಿಎಸ್ ಮೂಲಕವೇ ತರಬೇಕು. ಹಳೆಯ ರೂಟನ್ನು ಕೈಯಾರೆ ಪಟ್ಟಿಯಿಂದ ತೆಗೆದವರು ಪಾರಾದರು. ಸಹಿ ಪರೀಕ್ಷೆಯನ್ನೇ ಬಂದ್ ಮಾಡಿ ಅಪ್‌ಡೇಟ್ ಹಾಕಿದವರೂ ಇದ್ದರು. ಅವರಲ್ಲಿ ಕೆಲವರು ಅದನ್ನು ಮತ್ತೆ ಆನ್ ಮಾಡಲೇ ಇಲ್ಲ. ಇಂದಿಗೂ ಹಾಗೇ ಓಡುತ್ತಿರುವ ಸರ್ವರ್ ನೋಡಿದ್ದೇನೆ.

ಗಡಿಯಾರದ ಸಂಗತಿ ಇನ್ನೂ ಸರಳ. ವರ್ಚುವಲ್ ಮೆಶೀನನ್ನು, ಅಂದರೆ ತಂತ್ರಾಂಶದೊಳಗೇ ಓಡುವ ಯಂತ್ರವನ್ನು, ಹಳೆಯ ಸ್ನ್ಯಾಪ್‌ಶಾಟ್‌ನಿಂದ ಎಬ್ಬಿಸಿದಿರಿ, ಅಥವಾ ಮದರ್‌ಬೋರ್ಡಿನ ಬ್ಯಾಟರಿ ಸತ್ತಿತು. ಸರ್ವರ್ ಮೂರು ದಿನ ಹಿಂದಿನ ಲೋಕದಲ್ಲಿದೆ. ಎಪಿಟಿ ಬಂದು "ಈ ಬಿಡುಗಡೆ ಫೈಲ್ ಇನ್ನೂ ಊರ್ಜಿತವಾಗಿಲ್ಲ" ಎನ್ನುತ್ತದೆ. ನಾಳೆಯ ಸಹಿ ಇವತ್ತೇ ಹೇಗೆ ಬಂತು ಎಂದು ಅದರ ಅನುಮಾನ. ಡೇಟ್ ಎಂದು ಟೈಪ್ ಮಾಡಿ ನೋಡಿದರೆ ಮುಗಿಯಿತು. ಇದು ಬರೀ ಅಪ್‌ಡೇಟ್ ವಿಷಯವೂ ಅಲ್ಲ. 2022ರ ಏಪ್ರಿಲ್ 28ರ ಸರ್ಟ್-ಇನ್ (ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ) ನಿರ್ದೇಶನದ ಪ್ರಕಾರ ಸರ್ವರ್ ಗಡಿಯಾರಗಳನ್ನು ಸರ್ಕಾರಿ ಸಂಸ್ಥೆಗಳಾದ ಎನ್‌ಐಸಿ ಅಥವಾ ಎನ್‌ಪಿಎಲ್‌ನ ಸಮಯಕ್ಕೆ, ಇಲ್ಲವೇ ಅದಕ್ಕೆ ತಾಳೆಯಾಗುವ ಮೂಲಕ್ಕೆ ಹೊಂದಿಸಿರಬೇಕು. ಲಾಗ್‌ಗಳನ್ನು, ಅಂದರೆ ಯಂತ್ರ ಬರೆದಿಡುವ ದಿನಚರಿಯನ್ನು, 180 ದಿನ ಇಟ್ಟುಕೊಳ್ಳಬೇಕು ಎಂದೂ ಅದರಲ್ಲೇ ಇದೆ. ಆ ಲಾಗ್ ಸರ್ಕಾರಕ್ಕಿಂತ ಮುಂಚೆ ನಿಮಗೇ ಬೇಕಾಗುತ್ತದೆ.

ಇನ್ನು ಬೀಗದ ವಿಷಯ. ಉಬುಂಟು ಓಡಿಸುವವರು ಕೈ ಎತ್ತಿ. ನೋಡಿ, ಮುಕ್ಕಾಲು ಪಾಲು. ಹಾಗಾದರೆ "ಲಾಕ್ ಸಿಗಲಿಲ್ಲ" ಎಂಬ ಸಾಲು ಎಲ್ಲರೂ ನೋಡಿರುತ್ತೀರಿ. ಬಹಳ ಜನ ಕೂಡಲೇ ಲಾಕ್ ಫೈಲನ್ನೇ ಅಳಿಸುತ್ತಾರೆ. ದಯವಿಟ್ಟು ಬೇಡ. ಒಳಗೆ ಇನ್ನೊಬ್ಬ ಕೆಲಸ ಮಾಡುತ್ತಿದ್ದಾನೆ ಎಂದು ಅದರ ಅರ್ಥ. ಇಬ್ಬರೂ ಒಟ್ಟಿಗೆ ಪ್ಯಾಕೇಜ್ ಡೇಟಾಬೇಸ್‌ಗೆ ಕೈ ಹಾಕಿದರೆ ಅದು ಚಿಂದಿ. ಯಾರು ಹಿಡಿದಿದ್ದಾರೆ ಎಂದು ನೋಡಿ, ಹತ್ತು ನಿಮಿಷ ಕಾಯಿರಿ. ನಡುವೆ ಕರೆಂಟ್ ಹೋಗಿ ನಿಜಕ್ಕೂ ಸತ್ತಿದ್ದರೆ ಎಪಿಟಿಯ ಕೆಳಗೆ ಪ್ಯಾಕೇಜ್ ಹಾಕುವ ಡಿಪಿಕೆಜಿಗೆ ಬಾಕಿ ಉಳಿದ ಕಾನ್ಫಿಗರ್ ಮುಗಿಸಲು ಹೇಳಿ. ಬಹುತೇಕ ಅಷ್ಟಕ್ಕೇ ಸರಿಹೋಗುತ್ತದೆ.

ಒಳಗಿರುವ ಆ ಇನ್ನೊಬ್ಬ ಯಾರು? ಸಾಮಾನ್ಯವಾಗಿ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್, ಅಂದರೆ ತಾನಾಗಿ ಪ್ಯಾಚ್ ಹಾಕಿಕೊಳ್ಳುವ ವ್ಯವಸ್ಥೆ. ಅದು ಬೆಳಗ್ಗೆ 6ರಿಂದ 7ರ ನಡುವೆ ಏಳುವ ಹಾಗೆ ಇಟ್ಟಿರುತ್ತಾರೆ. ಬೆಳಗ್ಗೆ ಆರು, ಯಾರೂ ಇರುವುದಿಲ್ಲ, ಒಳ್ಳೆಯ ಹೊತ್ತು, ಅಲ್ವಾ? ಆದರೆ ಕ್ಲೌಡ್ ಸರ್ವರ್‌ಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿ, ಅಂದರೆ ಲೋಕಕ್ಕೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ, ಇರುತ್ತದೆ. ಯುಟಿಸಿಯ ಆರು ಗಂಟೆ ನಮಗೆ ಹನ್ನೊಂದೂವರೆ. ಮಧ್ಯಾಹ್ನದ ಊಟದ ರಶ್ ಶುರುವಾಗುವ ಹೊತ್ತಿಗೆ ಸರಿಯಾಗಿ ಬಿಲ್ಲಿಂಗ್ ಸರ್ವರ್ ಪ್ಯಾಚ್ ಹಾಕಿಕೊಳ್ಳಲು ಕೂರುತ್ತದೆ! ಇಲ್ಲಿ ಮುಂದಿನ ಸಾಲಿನಲ್ಲಿ ಕೂತವರೊಬ್ಬರು ತಲೆ ಆಡಿಸುತ್ತಿದ್ದಾರೆ. ಅವರ ಹೋಟೆಲ್ ಯಾವುದು ಎಂದು ನಾನು ಹೇಳುವುದಿಲ್ಲ.

ಇದು ಸಣ್ಣವರ ಗೋಳು ಮಾತ್ರ ಎಂದುಕೊಳ್ಳಬೇಡಿ. 2023ರ ಮಾರ್ಚ್ 8ರಂದು ಡೇಟಾಡಾಗ್ ಎಂಬ ಕಂಪನಿ ಮಕಾಡೆ ಮಲಗಿತು. ಬೇರೆಯವರ ಸರ್ವರ್‌ಗಳ ಆರೋಗ್ಯ ನೋಡಿಕೊಳ್ಳುವುದೇ ಅವರ ಕಸುಬು. ಅವರ ಉಬುಂಟು ಯಂತ್ರಗಳಿಗೆ ಯಂತ್ರದ ಸೇವೆಗಳನ್ನು ನಡೆಸುವ ಸಿಸ್ಟಂಡಿಯ ಒಂದು ಸೆಕ್ಯುರಿಟಿ ಪ್ಯಾಚ್ ತಾನಾಗಿ ಬಂತು. ಹೊತ್ತು ಯುಟಿಸಿ ಆರು ದಾಟಿ ಮೂರು ನಿಮಿಷ. ಪ್ಯಾಚ್ ನೆಟ್‌ವರ್ಕ್ ಸೇವೆಯನ್ನು ರೀಸ್ಟಾರ್ಟ್ ಮಾಡಿತು. ಆ ಸೇವೆ ಏಳುತ್ತಾ, ಕಂಟೇನರ್‌ಗಳಿಗಾಗಿ (ಒಂದೇ ಯಂತ್ರದೊಳಗೆ ಬೇರೆ ಬೇರೆಯಾಗಿ ಓಡುವ ಪ್ರೋಗ್ರಾಂಗಳು) ಬೇರೆ ತಂತ್ರಾಂಶ ಹಾಕಿಟ್ಟಿದ್ದ ನೆಟ್‌ವರ್ಕ್ ದಾರಿಗಳನ್ನೆಲ್ಲ ಗುರುತು ಸಿಗದವು ಎಂದು ಗುಡಿಸಿ ಹಾಕಿತು. ಬೇರೆ ಬೇರೆ ಕ್ಲೌಡ್‌ಗಳಲ್ಲಿ, ಬೇರೆ ಬೇರೆ ಪ್ರಾಂತ್ಯಗಳಲ್ಲಿ ಇದ್ದ ಯಂತ್ರಗಳು ಒಂದೇ ಗಂಟೆಯೊಳಗೆ ಹೋದವು. ಒಂದು ಕಡೆ ಬಿದ್ದರೆ ಇನ್ನೊಂದು ಕಡೆ ಇರಲಿ ಎಂದು ಅಷ್ಟು ಖರ್ಚು ಮಾಡಿ ಹಂಚಿಟ್ಟಿದ್ದರು. ಎಲ್ಲಕ್ಕೂ ಅಲಾರಂ ಮಾತ್ರ ಒಂದೇ ಹೊತ್ತಿಗೆ. ನಿಮ್ಮ ಹತ್ತಿರ ಎರಡೇ ಸರ್ವರ್ ಇದ್ದರೂ ಸರಿ, ಅವೆರಡೂ ಒಂದೇ ದಿನ ಪ್ಯಾಚ್ ಆಗದಂತೆ ನೋಡಿಕೊಳ್ಳಿ.

ಮೂರನೇ ಘಟ್ಟ, ಬಿಚ್ಚಿಡುವುದು. ಇಲ್ಲಿ ನಿಂತರೆ ನೂರಕ್ಕೆ ತೊಂಬತ್ತು ಸಲ ಜಾಗ ಇಲ್ಲ. "ಇಲ್ಲ ಸರ್, ಡಿಸ್ಕ್‌ನಲ್ಲಿ ಇನ್ನೂರು ಜಿಬಿ ಖಾಲಿ ಇದೆ" ಎನ್ನುತ್ತಾರೆ. ಇದೆ, ಆದರೆ ಬೇಕಾದ ಕಡೆ ಇಲ್ಲ. ಲಿನಕ್ಸ್‌ನಲ್ಲಿ ಯಂತ್ರ ಏಳಲು ಬೇಕಾದ ಫೈಲುಗಳ ಬೂಟ್ ಭಾಗ ಬೇರೆಯೇ, ಚಿಕ್ಕದಾಗಿ ಇರುವುದುಂಟು. ಹಳೆಯ ಕರ್ನಲ್‌ಗಳು (ಆಪರೇಟಿಂಗ್ ಸಿಸ್ಟಂನ ತಿರುಳು) ಒಂದರ ಮೇಲೊಂದು ಕೂತು ಅದು ತುಂಬಿರುತ್ತದೆ. ಹೊಸ ಕರ್ನಲ್‌ನ ಇನಿಟ್‌ರಾಮ್, ಅಂದರೆ ಬೂಟ್ ಆಗುವಾಗ ಮೊದಲು ತೆರೆಯುವ ಫೈಲ್, ಬರೆಯುವಾಗ ಅರ್ಧದಲ್ಲಿ ನಿಲ್ಲುತ್ತದೆ. ಕೊನೆಯ ಸಾಲು ಎರರ್ ಕೋಡ್ ಒಂದು. ಮೇಲೆ ಸ್ಕ್ರೋಲ್ ಮಾಡಿದರೆ ಜಾಗ ಇಲ್ಲ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಎಪಿಟಿಯ ಆಟೋರಿಮೂವ್ ಕಮ್ಯಾಂಡ್ ಹಳೆಯ ಕರ್ನಲ್‌ಗಳನ್ನು ತೆಗೆಯುತ್ತದೆ. ಈಗ ಓಡುತ್ತಿರುವ ಕರ್ನಲ್ ಯಾವುದು ಎಂದು ನೋಡಿಕೊಳ್ಳದೆ ಕೈಯಾರೆ ಫೈಲ್ ಅಳಿಸಲು ಹೋಗಬೇಡಿ. ಜಾಗ ಇದ್ದೂ ಇಲ್ಲ ಎನ್ನುತ್ತಿದ್ದರೆ ಐನೋಡ್, ಅಂದರೆ ಫೈಲಿಗೊಂದರಂತೆ ಬೇಕಾದ ದಾಖಲೆ, ಎಷ್ಟು ಉಳಿದಿದೆ ನೋಡಿ. ಲಕ್ಷಾಂತರ ಪುಟ್ಟ ಪುಟ್ಟ ಸೆಷನ್ ಫೈಲುಗಳು ಸೇರಿದರೆ ಐನೋಡ್ ಮುಗಿಯುತ್ತದೆ. ಆಗ ಖಾಲಿ ಜಿಬಿ ಎಷ್ಟಿದ್ದರೂ ಉಪಯೋಗವಿಲ್ಲ.

ವಿಂಡೋಸ್‌ನಲ್ಲೂ ಇದೇ ಕಾಯಿಲೆಗೆ ಬೇರೆ ಮುಖ. 2024ರ ಜನವರಿಯಲ್ಲಿ ಸರ್ವರ್ 2022ಕ್ಕೆ ಕೆಬಿ5034439 ಎಂಬ ಪ್ಯಾಚ್ ಬಂತು. ಅದು ರಿಕವರಿ ವಿಭಾಗಕ್ಕೆ ಸೇರಿದ್ದು. ಅಲ್ಲಿ 250 ಎಂಬಿ ಖಾಲಿ ಜಾಗ ಬೇಕಿತ್ತು. ಎಷ್ಟೋ ಸರ್ವರ್‌ಗಳಲ್ಲಿ ಇರಲಿಲ್ಲ. ಅವು ತೋರಿಸಿದ್ದು 80070643 ಎಂಬ ಕೋಡ್. ಆ ಕೋಡ್‌ಗೆ ಅರ್ಥ ಇನ್‌ಸ್ಟಾಲ್ ಮಾಡುವಾಗ ಏನೋ ಕೆಟ್ಟಿತು ಎಂದಷ್ಟೇ. ಜಾಗದ ಸುದ್ದಿಯೇ ಅದರಲ್ಲಿಲ್ಲ. ಜನ ಡಾಟ್‌ನೆಟ್ ತೆಗೆದು ಹಾಕಿದರು, ಆಂಟಿವೈರಸ್ ಕಿತ್ತರು. ಬೇಕಿದ್ದದ್ದು ರಿಕವರಿ ವಿಭಾಗವನ್ನು ಒಂದಿಷ್ಟು ಹಿಗ್ಗಿಸುವುದು. ಕೋಡನ್ನು ನಾನು ಯಾಕೆ ನಂಬುವುದಿಲ್ಲ ಎಂದು ಈಗ ಗೊತ್ತಾಯಿತಲ್ಲ?

ವಿಂಡೋಸ್ ಬಗ್ಗೆ ಇನ್ನೆರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಸಿಸ್ಟಂ ಫೈಲ್ ರಿಪೇರಿಯ ಎರಡು ಕಮ್ಯಾಂಡ್‌ಗಳಲ್ಲಿ ಮೊದಲು ಡಿಸ್ಮ್ ಓಡಿಸಿ, ಆಮೇಲೆ ಎಸ್‌ಎಫ್‌ಸಿ. ಕೆಟ್ಟ ಫೈಲ್ ಬದಲಿಸಲು ಎಸ್‌ಎಫ್‌ಸಿ ಯಾವ ಉಗ್ರಾಣದಿಂದ ತೆಗೆಯುತ್ತದೋ, ಆ ಉಗ್ರಾಣವನ್ನೇ ಡಿಸ್ಮ್ ರಿಪೇರಿ ಮಾಡುವುದು. ಉಲ್ಟಾ ಮಾಡಿದರೆ ಕೊಳೆತ ಚೀಲದಿಂದ ಕೊಳೆತದ್ದೇ ಬರುತ್ತದೆ. ಡಿಸ್ಮ್‌ಗೆ ಮೂಲ ಫೈಲ್ ಸಿಗದಿದ್ದರೆ ಇನ್‌ಸ್ಟಾಲ್ ಮಾಡಿದ ಐಎಸ್‌ಒ (ಡಿಸ್ಕಿನ ಪ್ರತಿ ಫೈಲ್) ತೋರಿಸಿ. ಡೌನ್‌ಲೋಡ್ ಅರ್ಧಕ್ಕೆ ಸಿಕ್ಕಿಕೊಂಡಿದ್ದರೆ ಅಪ್‌ಡೇಟ್ ಸೇವೆ ನಿಲ್ಲಿಸಿ, ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಶನ್ ಫೋಲ್ಡರ್‌ನ ಹೆಸರು ಬದಲಿಸಿ, ಮತ್ತೆ ಶುರು ಮಾಡಿ. ನಿಜವಾದ ಕಾರಣ ವಿಂಡೋಸ್‌ನ ಸಿಬಿಎಸ್ ಎಂಬ ಲಾಗ್‌ನಲ್ಲಿರುತ್ತದೆ. ಓದಲು ಬೇಸರ ಹಿಡಿಸುವ ಲಾಗ್, ಒಪ್ಪುತ್ತೇನೆ. "ಎರರ್" ಎಂಬ ಪದ ಮೊದಲು ಬರುವ ಕಡೆಗೆ ಹೋಗಿ, ಅದರ ಹಿಂದಿನ ಹತ್ತು ಸಾಲು ಓದಿ. ಸಾಕು. ಹಾಂ, ಮೈಕ್ರೋಸಾಫ್ಟ್ ಪ್ಯಾಚ್ ಬಿಡುವುದು ತಿಂಗಳ ಎರಡನೇ ಮಂಗಳವಾರ. ನಮಗೆ ಅದು ಮಂಗಳವಾರ ರಾತ್ರಿ ಹತ್ತೂವರೆ, ಅಮೆರಿಕದ ಚಳಿಗಾಲದಲ್ಲಿ ಹನ್ನೊಂದೂವರೆ. ಆ ರಾತ್ರಿಯೇ ಹಾಕುವ ಹುಮ್ಮಸ್ಸು, ಇಡೀ ಆಫೀಸಿನ ಲಾಗಿನ್ ನೋಡಿಕೊಳ್ಳುವ ಡೊಮೇನ್ ಕಂಟ್ರೋಲರ್ ಮೇಲೆ ತೋರಿಸಬೇಡಿ. 2022ರ ಜನವರಿಯ ಪ್ಯಾಚ್ ಹಾಕಿದ ಡೊಮೇನ್ ಕಂಟ್ರೋಲರ್‌ಗಳು ಎದ್ದು ಬಿದ್ದು, ಎದ್ದು ಬಿದ್ದು, ರೀಬೂಟ್ ಆಗುತ್ತಲೇ ಇದ್ದವು. ಸರಿಪಡಿಸಿದ ಪ್ಯಾಚ್ ಬರಲು ಸುಮಾರು ಒಂದು ವಾರ ಹಿಡಿಯಿತು.

ನಾಲ್ಕನೇ ಘಟ್ಟಕ್ಕೆ ಬಂದೆವು. ನನಗೆ ಇದು ಎಲ್ಲಕ್ಕಿಂತ ಇಷ್ಟದ್ದು. ಇಲ್ಲಿ ಯಂತ್ರ ನಿಮ್ಮನ್ನು ಪ್ರಶ್ನೆ ಕೇಳುತ್ತದೆ, ನೀವು ಓದದೆ ಎಂಟರ್ ಒತ್ತುತ್ತೀರಿ. ಡೆಬಿಯನ್, ಉಬುಂಟುವಿನಲ್ಲಿ "ಈ ಸೆಟ್ಟಿಂಗ್ ಫೈಲನ್ನು ನೀವು ತಿದ್ದಿದ್ದೀರಿ, ನಿಮ್ಮದನ್ನೇ ಇಡಲೇ, ಹೊಸದನ್ನು ಹಾಕಲೇ" ಎಂದು ಕೇಳುತ್ತದೆ. ಸುಮ್ನೆ ಎಂಟರ್ ಒತ್ತಿದರೆ ನಿಮ್ಮದು ಉಳಿಯುತ್ತದೆ. ಒಂದು ಲೆಕ್ಕಕ್ಕೆ ಸೇಫ್. ಆದರೆ ಹೊಸ ಆವೃತ್ತಿಗೆ ಹಳೆಯ ಸೆಟ್ಟಿಂಗ್ ಅರ್ಥವಾಗದಿದ್ದರೆ ಸೇವೆ ಏಳುವುದೇ ಇಲ್ಲ. ವೆಬ್ ಸರ್ವರ್ ತಂತ್ರಾಂಶವಾದ ಅಪಾಚೆ 2.2ರಿಂದ 2.4ಕ್ಕೆ ಹೋದಾಗ ಎಷ್ಟು ವೆಬ್‌ಸೈಟ್ ಹೀಗೆ ಮುಚ್ಚಿಕೊಂಡವೋ. ಯಾರನ್ನು ಒಳಗೆ ಬಿಡಬೇಕು ಎಂದು ಬರೆಯುವ ರೀತಿಯೇ ಬದಲಾಗಿತ್ತು. ಡಿ ಒತ್ತಿದರೆ ಎರಡರ ವ್ಯತ್ಯಾಸ ತೋರಿಸುತ್ತದೆ. ಅದನ್ನು ಒತ್ತಿ, ಓದಿ. ರೆಡ್ ಹ್ಯಾಟ್ ಕಡೆಯವು ಈ ಪ್ರಶ್ನೆ ಕೇಳುವುದಿಲ್ಲ. ನಿಮ್ಮ ಫೈಲ್ ಪಕ್ಕದಲ್ಲಿ ಆರ್‌ಪಿಎಂನ್ಯೂ ಎಂಬ ಬಾಲ ಇರುವ ಹೊಸ ಫೈಲನ್ನು ಸದ್ದಿಲ್ಲದೆ ಇಟ್ಟು ಹೋಗುತ್ತವೆ. ಅಪ್‌ಡೇಟ್ ಆದ ಮೇಲೆ ಆ ಬಾಲ ಇರುವ ಫೈಲುಗಳನ್ನು ಹುಡುಕುವುದು ಒಳ್ಳೆಯ ಅಭ್ಯಾಸ. ಫ್ರೀಬಿಎಸ್‌ಡಿ ಎರಡನ್ನೂ ಬೆರೆಸಲು ನೋಡುತ್ತದೆ. ಬೆರೆಯದಿದ್ದರೆ ಫೈಲಿನ ನಡುವೆ ಬಾಣದ ಗುರುತು ಹಾಕಿ ಎಡಿಟರ್ ತೆರೆದು ನಿಮ್ಮ ಮುಂದೆ ಇಡುತ್ತದೆ. ಆ ಬಾಣಗಳನ್ನು ತೆಗೆಯದೆ ಸೇವ್ ಮಾಡಿದಿರೋ, ಮುಂದಿನ ರೀಬೂಟ್‌ಗೆ ಸಂಕಟ ಗ್ಯಾರಂಟಿ. ಅದಕ್ಕೆ ಪ್ರಾಯಶ್ಚಿತ್ತ ಎನ್ನುವ ಹಾಗೆ ಫ್ರೀಬಿಎಸ್‌ಡಿಯಲ್ಲಿ ಝಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ ಇದ್ದರೆ ಬೂಟ್ ಎನ್‌ವಿರಾನ್‌ಮೆಂಟ್ ಎಂಬ ಸೌಲಭ್ಯ ಇದೆ. ಅಪ್‌ಡೇಟ್‌ಗೆ ಮುಂಚಿನ ಇಡೀ ಸಿಸ್ಟಂಗೆ ಬೂಟ್ ಮೆನುವಿನಿಂದಲೇ ವಾಪಸ್ ಹೋಗಬಹುದು. ಇಷ್ಟು ಚೆನ್ನಾಗಿ ಹಿಂದಕ್ಕೆ ಹೋಗುವ ವ್ಯವಸ್ಥೆ ಬೇರೆಡೆ ಸಲೀಸಾಗಿ ಸಿಗುವುದಿಲ್ಲ. ನಮ್ಮಲ್ಲಿ ಅದನ್ನು ಬಳಸುವವರೇ ಕಡಿಮೆ.

ಈಗ ಒಂದು ವಿಚಿತ್ರ ಪ್ರಕರಣ. ಇದರಲ್ಲಿ ಐದೂ ಘಟ್ಟ ಪಾಸು. ಎಲ್ಲೂ ಕೆಂಪು ಅಕ್ಷರ ಇಲ್ಲ. ಆದರೂ ಡೇಟಾ ಹಾಳು.

ಉಪನಗರದ ಒಂದು ಕ್ರೆಡಿಟ್ ಸೊಸೈಟಿ. ಡೆಬಿಯನ್ 9 ಇದ್ದದ್ದನ್ನು 10ಕ್ಕೆ ಏರಿಸಿದ್ದರು. ಒಳಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಒಂದು ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ಕೌಂಟರಿನ ಹುಡುಗಿ ಹೇಳಿದಳು, ಕೆಲವು ಸದಸ್ಯರ ಖಾತೆ ಸಿಗುತ್ತಿಲ್ಲ ಎಂದು. ಖಾತೆ ಸಂಖ್ಯೆ ಟೈಪ್ ಮಾಡಿದರೆ "ಇಲ್ಲ". ಎಲ್ಲ ಸದಸ್ಯರ ಪಟ್ಟಿ ಪ್ರಿಂಟ್ ತೆಗೆದರೆ ಅದೇ ಸದಸ್ಯ ಅಲ್ಲೇ ಇದ್ದಾನೆ. ಯಾರೋ "ಇಲ್ಲ" ಎಂಬುದನ್ನು ನಂಬಿ ಅದೇ ಸಂಖ್ಯೆಯಲ್ಲಿ ಹೊಸ ಖಾತೆ ತೆರೆದರು. ಒಂದೇ ಸಂಖ್ಯೆ ಎರಡು ಸಲ ಬರಬಾರದು ಎಂಬ ನಿಯಮ ಡೇಟಾಬೇಸ್‌ನಲ್ಲಿತ್ತು. ಆದರೂ ಅದು ಒಪ್ಪಿಕೊಂಡಿತು!

ಕಾರಣ ಡೇಟಾಬೇಸ್‌ನದ್ದಲ್ಲ. ಕೆಳಗಿರುವ ಜಿಲಿಬ್‌ಸಿ ಎಂಬ ಲೈಬ್ರರಿಯದ್ದು. ಅಕ್ಷರಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಎಂದು ಪೋಸ್ಟ್‌ಗ್ರೆಸ್ ಇದನ್ನು ಕೇಳುತ್ತದೆ. 2018ರಲ್ಲಿ ಬಂದ ಜಿಲಿಬ್‌ಸಿ 2.28ರಲ್ಲಿ ಆ ಕ್ರಮವೇ ಬದಲಾಯಿತು. ಈ ಸೊಸೈಟಿಯ ಖಾತೆ ಸಂಖ್ಯೆಯಲ್ಲಿ ನಡುವೆ ಒಂದು ಗೆರೆ. ಹಳೆಯ ಜಿಲಿಬ್‌ಸಿಗೆ 11 ಮೊದಲು, 1-1 ಆಮೇಲೆ. ಹೊಸದಕ್ಕೆ 1-1 ಮೊದಲು, 11 ಆಮೇಲೆ. ಸೂಚಿಯನ್ನು, ಅಂದರೆ ಇಂಡೆಕ್ಸನ್ನು, ಹಳೆಯ ಕ್ರಮದಲ್ಲಿ ಬರೆದು ಡಿಸ್ಕ್ ಮೇಲೆ ಇಟ್ಟಾಗಿದೆ. ಹುಡುಕುವವನು ಹೊಸ ಕ್ರಮ ನಂಬಿಕೊಂಡು ಬೇರೆ ಪುಟಕ್ಕೆ ಹೋಗುತ್ತಾನೆ. ಅಲ್ಲಿ ಇಲ್ಲ. ಹಾಗಾಗಿ ಎಲ್ಲೂ ಇಲ್ಲ. ಒಂದೇ ಸಂಖ್ಯೆ ಎರಡು ಸಲ ಬರದಂತೆ ಕಾಯುವ ಕಾವಲುಗಾರನೂ ಅದೇ ಸೂಚಿಯನ್ನೇ ನೋಡುವುದು. ಅವನಿಗೂ ಹಳೆಯ ಖಾತೆ ಕಾಣಲಿಲ್ಲ.

ಪರೀಕ್ಷೆ ಮಾಡಲು ಈ ಎರಡನ್ನೂ, 1-1 ಮತ್ತು 11, ಸಾರ್ಟ್ ಕಮ್ಯಾಂಡಿಗೆ ಕೊಟ್ಟು ನೋಡಿ. ಲೊಕೇಲ್ (ಭಾಷೆ, ಅಕ್ಷರಕ್ರಮದ ಸೆಟ್ಟಿಂಗ್) ಸಿ ಇರಬಾರದು, ಡೇಟಾಬೇಸ್‌ನಲ್ಲಿ ಯಾವುದಿದೆಯೋ ಅದೇ ಇರಬೇಕು. ಹಳೆಯ ಯಂತ್ರದಲ್ಲಿ ಒಂದು ಕ್ರಮ, ಹೊಸದರಲ್ಲಿ ಇನ್ನೊಂದು ಬಂದರೆ ಅಕ್ಷರ ಇರುವ ಕಾಲಂಗಳ ಇಂಡೆಕ್ಸ್‌ಗಳನ್ನೆಲ್ಲ ಹೊಸದಾಗಿ ಕಟ್ಟಬೇಕು. ರೀಇಂಡೆಕ್ಸ್ ಎಂಬ ಒಂದೇ ಪದ. ಆದರೆ ಅಪ್‌ಗ್ರೇಡ್ ಆದ ಕೂಡಲೇ, ಯಾರೂ ಹೊಸ ಡೇಟಾ ಹಾಕುವ ಮುಂಚೆ ಮಾಡಬೇಕು. ತಡವಾದರೆ ನಕಲಿ ಸಾಲುಗಳು ಒಳಗೆ ಬಂದಿರುತ್ತವೆ. ಆಗ ರೀಇಂಡೆಕ್ಸ್ ಕೂಡ ತಕರಾರು ಮಾಡುತ್ತದೆ. ಯಾವ ಖಾತೆ ಅಸಲಿ ಎಂದು ಮನುಷ್ಯರೇ ಕೂತು ನೋಡಬೇಕು. ಆ ಸೊಸೈಟಿಯವರು ಹಳೆಯ ಪಾಸ್‌ಬುಕ್ ತರಿಸಿ ತಾಳೆ ನೋಡಿದರು. ರೆಡ್ ಹ್ಯಾಟ್ 7ರಿಂದ 8ಕ್ಕೆ ಡೇಟಾ ಡೈರೆಕ್ಟರಿಯನ್ನು ಹಾಗೇ ಎತ್ತಿ ಹಾಕಿದವರಿಗೂ, ಉಬುಂಟು 18.04ರಿಂದ 20.04ಕ್ಕೆ ಹೋದವರಿಗೂ ಇದೇ ಗತಿ. ಡಂಪ್, ಅಂದರೆ ಡೇಟಾದ ಪೂರ್ತಿ ಪ್ರತಿ, ತೆಗೆದು ಹೊಸದರಲ್ಲಿ ಸುರಿದವರಿಗೆ ಏನೂ ಆಗಲಿಲ್ಲ, ಯಾಕೆಂದರೆ ಇಂಡೆಕ್ಸ್ ಹೊಸ ಮನೆಯಲ್ಲೇ ಹುಟ್ಟಿತು. ಪೋಸ್ಟ್‌ಗ್ರೆಸ್ 15ರಿಂದೀಚೆಗೆ ಡೇಟಾಬೇಸ್ ತಾನೇ ಎಚ್ಚರಿಕೆ ಕೊಡುತ್ತದೆ. ಅದನ್ನು ವಾರ್ನಿಂಗ್ ತಾನೇ ಎಂದು ದಾಟಿ ಹೋಗಬೇಡಿ.

ಕೊನೆಯ ಘಟ್ಟ, ಎಬ್ಬಿಸುವುದು. 2020ರ ಅಕ್ಟೋಬರ್ 12, ಸೋಮವಾರ ಬೆಳಗ್ಗೆ ಹತ್ತರ ಸುಮಾರಿಗೆ ಮುಂಬಯಿ, ಠಾಣೆ, ನವಿ ಮುಂಬಯಿಯಲ್ಲೆಲ್ಲ ಕರೆಂಟ್ ಹೋದದ್ದು ನೆನಪಿದೆಯಾ? ಲೋಕಲ್ ನಿಂತಿತ್ತು. ದೊಡ್ಡ ಡೇಟಾ ಸೆಂಟರ್‌ಗಳಿಗೆ ಜನರೇಟರ್ ಇರುತ್ತದೆ. ಸಣ್ಣ ಆಫೀಸುಗಳ ಯುಪಿಎಸ್ ಎಷ್ಟು ಹೊತ್ತು ತಾಳೀತು? ಎರಡು ಮೂರು ವರ್ಷ ರೀಬೂಟ್ ಕಾಣದ ಸರ್ವರ್‌ಗಳು ಅವತ್ತು ಒಟ್ಟಿಗೆ ಮಲಗಿದವು. ಕರೆಂಟ್ ಬಂದ ಮೇಲೆ ಕೆಲವು ಏಳಲಿಲ್ಲ. ಕರೆಂಟಿನಿಂದ ಹೀಗಾಯಿತು ಎಂದರು. ನೋಡಿದರೆ ಒಂದರಲ್ಲಿ ಕರ್ನಲ್ ಬದಲಾಗಿ ತಿಂಗಳುಗಳೇ ಆಗಿದ್ದವು, ಇನ್ನೊಂದರಲ್ಲಿ ಯಾರೋ ತಾತ್ಕಾಲಿಕವಾಗಿ ಜೋಡಿಸಿದ ಡಿಸ್ಕನ್ನು, ಬೂಟ್ ಆಗುವಾಗ ಯಾವ ಡಿಸ್ಕ್ ಜೋಡಿಸಬೇಕು ಎಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಬರೆದೇ ಇರಲಿಲ್ಲ. ತಪ್ಪಾದ ದಿನ ಒಂದು, ಕೆಟ್ಟದ್ದು ಕಂಡ ದಿನ ಇನ್ನೊಂದು. ನಡುವಿನ ಅಂತರ ಜಾಸ್ತಿಯಾದಷ್ಟೂ ಕಾರಣ ಹುಡುಕುವುದು ಕಷ್ಟ. ರೀಬೂಟ್ ಇಲ್ಲದೆ ನಾನ್ನೂರು ದಿನ ಅಪ್‌ಟೈಮ್ ಎಂದು ಎದೆ ತಟ್ಟಿಕೊಳ್ಳುವವರನ್ನು ಕಂಡರೆ ನನಗೆ ಭಯ.

ಅದಕ್ಕೇ ನನ್ನ ಒಂದು ಹಠ ಇದೆ. ಅಪ್‌ಡೇಟ್ ಮಾಡುವ ಮುಂಚೆ ಒಮ್ಮೆ ರೀಬೂಟ್ ಮಾಡಿ. ಏನೂ ಬದಲಿಸದೆ, ಸುಮ್ನೆ ರೀಬೂಟ್. ಎದ್ದರೆ ಮುಂದುವರಿಯಿರಿ. ಏಳದಿದ್ದರೆ ಅದು ಹಳೆಯ ಸಾಲ, ಹೊಸ ಅಪ್‌ಡೇಟಿನ ತಲೆಗೆ ಕಟ್ಟುವುದು ಬೇಡ. ಮ್ಯಾನೇಜರ್ ಒಪ್ಪುವುದಿಲ್ಲ ಎನ್ನುತ್ತೀರಿ. ಸೆಂಟ್ರಲ್ ಲೈನಿನಲ್ಲಿ ಭಾನುವಾರ ಹಳಿ ರಿಪೇರಿಗೆ ರೈಲು ತಡೆಯುವ ಮೆಗಾಬ್ಲಾಕ್ ಹಾಕುತ್ತಾರೆ. ನೀವು ಕೆಲವರು ಇವತ್ತು ಅದರಿಂದಲೇ ತಡವಾಗಿ ಬಂದಿರಿ. ಮುಂಚೆಯೇ ಹೇಳಿರುತ್ತಾರೆ, ಯಾವ ಗಾಡಿ ಯಾವ ಹಳಿಗೆ ಎಂದು ತಿಳಿಸಿರುತ್ತಾರೆ, ಬೈಯುತ್ತಾ ಆದರೂ ಜನ ಒಪ್ಪಿಕೊಂಡಿದ್ದಾರೆ. ಸರ್ವರ್‌ಗೂ ತಿಂಗಳಿಗೊಂದು ಮೆಗಾಬ್ಲಾಕ್ ಕೇಳಿ ಪಡೆಯಿರಿ.

ರೀಬೂಟ್ ಬೇಕಾ ಬೇಡವಾ ಎಂದು ಯಂತ್ರವೇ ಹೇಳುತ್ತದೆ. ಉಬುಂಟುವಿನಲ್ಲಿ ರೀಬೂಟ್-ರಿಕ್ವೈರ್ಡ್ ಎಂಬ ಫೈಲ್ ಹುಟ್ಟಿರುತ್ತದೆ. ರೆಡ್ ಹ್ಯಾಟ್‌ನಲ್ಲಿ ನೀಡ್ಸ್-ರೀಸ್ಟಾರ್ಟಿಂಗ್ ಎಂಬ ಕಮ್ಯಾಂಡ್. ಓಪನ್‌ಎಸ್‌ಎಸ್‌ಎಲ್ ಪ್ಯಾಚ್ ಹಾಕಿ ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ರೀಸ್ಟಾರ್ಟ್ ಮಾಡದಿದ್ದರೆ ನೆನಪಿನಲ್ಲಿ ಓಡುತ್ತಿರುವುದು ಹಳೆಯ ಲೈಬ್ರರಿಯೇ. ಪ್ಯಾಕೇಜ್ ಪಟ್ಟಿಯಲ್ಲಿ ಮಾತ್ರ ಹೊಸದು.

ಮತ್ತೆ, ಎಲ್ಲ ಸರ್ವರ್ ಒಟ್ಟಿಗೆ ಎಬ್ಬಿಸಬೇಡಿ. 2020ರ ಜುಲೈ ಕೊನೆಯಲ್ಲಿ ಬೂಟ್‌ಹೋಲ್ ಎಂಬ ದೋಷಕ್ಕೆ ರೆಡ್ ಹ್ಯಾಟ್ ಪ್ಯಾಚ್ ಬಂತು. ಹಾಕಿ ರೀಬೂಟ್ ಮಾಡಿದ ಎಷ್ಟೋ ರೆಡ್ ಹ್ಯಾಟ್, ಸೆಂಟ್‌ಓಎಸ್ ಯಂತ್ರಗಳು ಬೂಟ್ ಆಗಲೇ ಇಲ್ಲ. ಒಂದರಲ್ಲಿ ನೋಡಿ ನಿಲ್ಲಿಸಿದವರು ಒಂದನ್ನೇ ರಿಪೇರಿ ಮಾಡಿದರು. 2024ರ ಜುಲೈ 19 ಅಂತೂ ಎಲ್ಲರಿಗೂ ಗೊತ್ತು. ಭದ್ರತಾ ತಂತ್ರಾಂಶ ಕ್ರೌಡ್‌ಸ್ಟ್ರೈಕ್‌ನ 291ನೇ ಚಾನೆಲ್ ಫೈಲ್ ಭಾರತದ ಸಮಯ ಬೆಳಗ್ಗೆ 9:39ಕ್ಕೆ ಹೊರಟಿತು, 10:57ಕ್ಕೆ ವಾಪಸ್ ತೆಗೆದರು. ಅಷ್ಟರಲ್ಲಿ ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತಿದ್ದವು. ಸೇಫ್ ಮೋಡ್‌ಗೆ ಹೋಗಿ ಆ ಒಂದು ಫೈಲ್ ಅಳಿಸಿದರೆ ಸಾಕಿತ್ತು. ಆದರೆ ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ. ಆ ಬೀಗದ ಕೀಲಿ ಇಟ್ಟಿದ್ದ ಸರ್ವರ್ ಕೂಡ ನೀಲಿಯಾಗಿದ್ದರೆ ಏನು ಮಾಡುತ್ತೀರಿ? ರಿಕವರಿ ಕೀಲಿಗಳನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು ಲಾಕರ್‌ನಲ್ಲಿ ಇಡಿ. ನಗಬೇಡಿ, ನಿಜವಾಗಿ ಹೇಳುತ್ತಿದ್ದೇನೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ಹಿರಿಯರು ಕೇಳಿದರು: "ಇಷ್ಟೆಲ್ಲ ರಗಳೆ ಯಾಕೆ? ಓಡ್ತಾ ಇರೋದನ್ನ ಮುಟ್ಟದೇ ಇದ್ದರೆ ಆಯ್ತಲ್ಲ?"

ಕೊಲ್ಲಿಯ ಆಚೆ ದಡದ ನಾವಾ ಶೇವಾ ಬಂದರನ್ನೇ ನೋಡಿ. 2017ರ ಜೂನ್ 27ರಂದು ನಾಟ್‌ಪೆಟ್ಯ ಎಂಬ ಸೈಬರ್ ದಾಳಿಗೆ, ಹಡಗು ಕಂಪನಿ ಮೇರ್ಸ್ಕ್ ಗುಂಪಿನವರು ನಡೆಸುವ ಅಲ್ಲಿನ ಟರ್ಮಿನಲ್‌ನ ಕಂಪ್ಯೂಟರ್ ವ್ಯವಸ್ಥೆ ನಿಂತುಹೋಗಿ ಕಂಟೇನರ್ ಕೆಲಸ ಸಿಕ್ಕಿಕೊಂಡಿತು. ಅದು ಹರಡಿದ ಒಂದು ದಾರಿ, ಮಾರ್ಚ್ 14ರಂದೇ ಮೈಕ್ರೋಸಾಫ್ಟ್ ಪ್ಯಾಚ್ ಕೊಟ್ಟಿದ್ದ ತೂತು. ಕದ್ದ ಪಾಸ್‌ವರ್ಡ್ ಮೂಲಕ ಪ್ಯಾಚ್ ಆದ ಯಂತ್ರಗಳಿಗೂ ನುಗ್ಗಿತು, ಅದೂ ನಿಜ. ಇನ್ನೊಂದು ವಿಷಯವನ್ನೂ ಮುಚ್ಚಿಡಬಾರದು. ದಾಳಿ ಮೊದಲು ಒಳಗೆ ಬಂದದ್ದು ಉಕ್ರೇನಿನ ಒಂದು ಅಕೌಂಟಿಂಗ್ ತಂತ್ರಾಂಶದ ಅಪ್‌ಡೇಟ್ ಮೂಲಕವೇ. ಹಾಗಾಗಿ ಮುಟ್ಟದೇ ಇರುವುದೂ ಅಪಾಯ, ಕಣ್ಣು ಮುಚ್ಚಿ ಮುಟ್ಟುವುದೂ ಅಪಾಯ. ಆಪರೇಟಿಂಗ್ ಸಿಸ್ಟಂನ ಸೆಕ್ಯುರಿಟಿ ಪ್ಯಾಚ್‌ಗೆ ನಾನು ವಾರಕ್ಕಿಂತ ಜಾಸ್ತಿ ಕಾಯುವುದಿಲ್ಲ. ಇಂಟರ್ನೆಟ್‌ಗೆ ಮುಖ ಮಾಡಿದ ಸರ್ವರ್ ಆದರೆ ಅಷ್ಟೂ ಕಾಯುವುದಿಲ್ಲ.

ಇನ್ನೊಂದು ಪ್ರಶ್ನೆ ಡೊಂಬಿವಲಿಯಿಂದ ಬಂದ ಒಬ್ಬ ಹೆಣ್ಣುಮಗಳದ್ದು. ಅವರ ಆಫೀಸಿನಲ್ಲಿ ಸೆಂಟ್‌ಓಎಸ್ 7 ಇನ್ನೂ ಓಡುತ್ತಿದೆ. ಅದರ ಮೇಲಿನ ಲೆಕ್ಕದ ಪ್ರೋಗ್ರಾಂ ಬರೆದವರು ಅಂಗಡಿ ಮುಚ್ಚಿ ಎಷ್ಟೋ ಕಾಲವಾಯಿತು. ಯಾರಿಗೂ ಕೈ ಹಾಕುವ ಧೈರ್ಯ ಇಲ್ಲ.

ಅಸಲಿ ಯಂತ್ರಕ್ಕೆ ಕೈ ಹಾಕಬೇಡಿ ಎಂದೇ ನಾನೂ ಹೇಳಿದೆ. ಮೊದಲು ಆ ಡಿಸ್ಕ್‌ನ ಇಡೀ ಪ್ರತಿ ತೆಗೆದು ಬೇರೆ ಯಂತ್ರದಲ್ಲಿ ವರ್ಚುವಲ್ ಮೆಶೀನಾಗಿ ಎಬ್ಬಿಸಿ. ಅದರ ನೆಟ್‌ವರ್ಕ್ ಆಫೀಸಿನಿಂದ ಬೇರೆ ಇರಲಿ, ಇಲ್ಲದಿದ್ದರೆ ಒಂದೇ ಹೆಸರಿನ ಇಬ್ಬರು ಜಗಳಕ್ಕೆ ನಿಲ್ಲುತ್ತಾರೆ. ಆ ಪ್ರತಿಯಲ್ಲಿ ಸೆಂಟ್‌ಓಎಸ್ ಬದಲಿಗೆ ಬಳಸುವ ಅಲ್ಮಾಲಿನಕ್ಸ್‌ನವರ, ಹೊಸ ಆವೃತ್ತಿಗೆ ಏರಿಸುವ ಎಲಿವೇಟ್ ಉಪಕರಣ ಹಾಕಿ, ಮೊದಲು ಪ್ರೀಅಪ್‌ಗ್ರೇಡ್ ವರದಿ ಮಾತ್ರ ತೆಗೆಯಿರಿ. ಯಾವ ಯಾವ ಕಾರಣಕ್ಕೆ ಏರಿಸಲು ಆಗುವುದಿಲ್ಲ ಎಂದು ಅದು ಒಂದೊಂದಾಗಿ ಬರೆದು ಕೊಡುತ್ತದೆ. ಒಂದೊಂದನ್ನೇ ಬಿಡಿಸುತ್ತಾ ಬನ್ನಿ. ಅಷ್ಟರವರೆಗೆ ಅಸಲಿ ಯಂತ್ರವನ್ನು ಇಂಟರ್ನೆಟ್‌ನಿಂದ ಪೂರ್ತಿ ಕಡಿದು, ಬೇಕಾದ ನಾಲ್ಕು ಕಂಪ್ಯೂಟರ್ ಮಾತ್ರ ತಲುಪುವಂತೆ ಫೈರ್‌ವಾಲ್ ಹಿಂದೆ ಇಡಿ. ವರದಿಯಲ್ಲಿ ಅರ್ಥವಾಗದ ಸಾಲು ಬಂದರೆ ನನಗೆ ಕಳಿಸಿ. ಕೊನೆಯ ಸಾಲು ಮಾತ್ರ ಫೋಟೋ ಹೊಡೆದು ಕಳಿಸಬೇಡಿ, ಇಡೀ ಫೈಲ್ ಕಳಿಸಿ.